ಗ್ರಾಮೀಣ ಶಾಲೆಗೆ ಸುರಕ್ಷಿತ ಕುಡಿಯುವ ನೀರು: ಉಪಕರಣ ಕೊಳ್ಳುವ ಮೊದಲು, ಕೊಂಡ ಮೇಲೆ

ಹಳ್ಳಿಯ ಶಾಲೆಯೊಂದಕ್ಕೆ ಕುಡಿಯುವ ನೀರು ಒದಗಿಸಲು ಹೊರಟವರು ಸಾಮಾನ್ಯವಾಗಿ ಮೊದಲು ಕೇಳುವುದು ಯಾವ ಫಿಲ್ಟರ್ ಒಳ್ಳೆಯದು ಎಂದು. ವಾಸ್ತವದಲ್ಲಿ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ದಿನಕ್ಕೆ ನೀರು ಎಷ್ಟು ಬೇಕು, ಅದು ಎಲ್ಲಿಂದ ಬರುತ್ತದೆ, ಅದರಲ್ಲಿ ಏನೇನು ಬೆರೆತಿದೆ, ವ್ಯವಸ್ಥೆಯನ್ನು ದಿನವೂ ನೋಡಿಕೊಳ್ಳುವವರು ಯಾರು, ಮೂರನೆಯ ವರ್ಷ ಪಂಪು ಕೆಟ್ಟು ನಿಂತಾಗ ರಿಪೇರಿಯ ಹಣ ಯಾರ ಕೈಯಿಂದ ಬರುತ್ತದೆ ಎಂಬುದು ಸ್ಪಷ್ಟವಾದರೆ ಉಪಕರಣದ ಆಯ್ಕೆ ಬಹುಪಾಲು ತಾನಾಗಿಯೇ ತೀರ್ಮಾನವಾಗಿರುತ್ತದೆ. ಶಾಲೆಯ ಮುಖ್ಯ ಶಿಕ್ಷಕರು, ಪೋಷಕರ ಸಮಿತಿಗಳು, ಸಣ್ಣ ಸ್ವಯಂಸೇವಾ ಸಂಸ್ಥೆಗಳು ಮತ್ತು ದಾನಿಗಳಿಗಾಗಿ ಬರೆದ ಈ ಮಾರ್ಗದರ್ಶಿ ಅದೇ ಕ್ರಮದಲ್ಲಿ ಸಾಗುತ್ತದೆ.

ಈ ಕ್ರಮವನ್ನು ತಲೆಕೆಳಗು ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಪ್ಲೇಪಂಪ್ ಒಳ್ಳೆಯ ಉದಾಹರಣೆ. ಮಕ್ಕಳು ತಿರುಗುಚಕ್ರದ ಮೇಲೆ ಆಡುತ್ತಿದ್ದಂತೆ ಕೊಳವೆಬಾವಿಯ ನೀರು ಎತ್ತರದ ಟ್ಯಾಂಕಿಗೆ ಏರುವ ಈ ಸಾಧನ ದಕ್ಷಿಣ ಆಫ್ರಿಕಾದಲ್ಲಿ ರೂಪುಗೊಂಡಿತು. ಟ್ಯಾಂಕಿನ ಮೇಲಿನ ಜಾಹೀರಾತಿನ ಆದಾಯದಿಂದ ನಿರ್ವಹಣೆ ನಡೆಯುತ್ತದೆ ಎಂಬುದು ಅದರ ಲೆಕ್ಕಾಚಾರವಾಗಿತ್ತು. 2006ರಲ್ಲಿ ಅಮೆರಿಕದಿಂದ ದೊಡ್ಡ ನೆರವು ಘೋಷಣೆಯಾಗಿ, 2010ರೊಳಗೆ ಆಫ್ರಿಕಾದಲ್ಲಿ 4000 ಪಂಪುಗಳನ್ನು ಹಾಕುವ ಗುರಿ ಇಟ್ಟುಕೊಳ್ಳಲಾಯಿತು. ಆದರೆ ಮಕ್ಕಳ ಆಟಕ್ಕೂ ಊರಿನ ನೀರಿನ ಅಗತ್ಯಕ್ಕೂ ವೇಳೆ ಹೊಂದಲಿಲ್ಲ. ಮಕ್ಕಳು ಇಲ್ಲದ ಹೊತ್ತಿನಲ್ಲಿ ಆ ಭಾರವಾದ ಚಕ್ರವನ್ನು ಹೆಂಗಸರು ತಳ್ಳಬೇಕಾಯಿತು. ಕೆಟ್ಟಾಗ ಊರಿನವರಿಂದ ರಿಪೇರಿ ಸಾಧ್ಯವಾಗಲಿಲ್ಲ. ಕೆಲವೆಡೆ ಚೆನ್ನಾಗಿಯೇ ನಡೆಯುತ್ತಿದ್ದ ಕೈಪಂಪನ್ನು ಕಿತ್ತು ಇದನ್ನು ಕೂರಿಸಲಾಗಿತ್ತು. ಕೆಲವೇ ವರ್ಷಗಳಲ್ಲಿ ಯೋಜನೆಯ ಗುರಿ ಕೈಬಿಟ್ಟುಹೋಯಿತು. ಆ ಯಂತ್ರ ನೀರೆತ್ತುತ್ತಿರಲಿಲ್ಲ ಎಂದಲ್ಲ. ಅದನ್ನು ಯಾರು ತಿರುಗಿಸುತ್ತಾರೆ, ಯಾರು ರಿಪೇರಿ ಮಾಡುತ್ತಾರೆ ಎಂಬ ಪ್ರಶ್ನೆಗಳು ಸಾಧನ ಬಂದಿಳಿದ ಮೇಲೆ ಎದುರಾದವು.

ಎಷ್ಟು ನೀರು ಬೇಕು

ಅಗ್ಗದ ವ್ಯವಸ್ಥೆಗಳಿರುವ ಶಾಲೆಗಳಿಗಾಗಿ ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಪ್ರಕಟಿಸಿದ ಮಾನದಂಡದಂತೆ, ಮಕ್ಕಳು ಬೆಳಗ್ಗೆ ಬಂದು ಸಂಜೆ ಮರಳುವ ಶಾಲೆಯಲ್ಲಿ ಮಕ್ಕಳೂ ಸಿಬ್ಬಂದಿಯೂ ಸೇರಿ ತಲಾ 5 ಲೀಟರ್, ವಸತಿ ಶಾಲೆಯಲ್ಲಿ ತಲಾ 20 ಲೀಟರ್ ನೀರು ದಿನಕ್ಕೆ ಬೇಕು. ಇದು ಕುಡಿಯಲು, ಕೈ ತೊಳೆಯಲು ಮತ್ತು ಸ್ವಚ್ಛತೆಗೆ. ಶೌಚಾಲಯಕ್ಕೆ ಬೇಕಾಗುವ ನೀರನ್ನು ಬೇರೆಯಾಗಿ ಸೇರಿಸಿಕೊಳ್ಳಬೇಕು: ಕೈಯಲ್ಲಿ ನೀರು ಸುರಿಯುವ ಬಗೆಯದಾದರೆ ತಲಾ 1.5ರಿಂದ 3 ಲೀಟರ್, ಫ್ಲಶ್ ತೊಟ್ಟಿ ಇರುವುದಾದರೆ ತಲಾ 10ರಿಂದ 20 ಲೀಟರ್.

ಒಟ್ಟು 200 ಜನರಿರುವ ಶಾಲೆಯನ್ನು ತೆಗೆದುಕೊಳ್ಳಿ. ಮೂಲ ಅಗತ್ಯ 1000 ಲೀಟರ್. ಸುರಿಯುವ ಶೌಚಾಲಯವಾದರೆ ಇನ್ನೊಂದು 300ರಿಂದ 600 ಲೀಟರ್ ಸಾಕು. ಫ್ಲಶ್ ತೊಟ್ಟಿ ಹಾಕಿಸಿದರೆ 2000ರಿಂದ 4000 ಲೀಟರ್ ಹೆಚ್ಚುವರಿ ಬೇಕಾಗುತ್ತದೆ, ಅಂದರೆ ಉಳಿದೆಲ್ಲಾ ಬಳಕೆಗಿಂತ ಹಲವು ಪಟ್ಟು. ನೀರಿನ ಯೋಜನೆ ಮಾಡುವವರು ಶೌಚಾಲಯದ ಯೋಜನೆಯ ಕಡತವನ್ನೂ ಎದುರಿಗೆ ಇಟ್ಟುಕೊಂಡು ಕೂರಬೇಕು ಎನ್ನುವುದು ಇದಕ್ಕಾಗಿಯೇ. ಶಾಲೆಯಲ್ಲಿ ಅಡುಗೆ ನಡೆಯುವುದಾದರೆ ಅಡುಗೆ ಮತ್ತು ಪಾತ್ರೆಗಳ ನೀರನ್ನು ಅಡುಗೆಯವರನ್ನೇ ಕೇಳಿ, ಬಿಂದಿಗೆಯ ಲೆಕ್ಕದಲ್ಲಿ ಬರೆದುಕೊಳ್ಳಬೇಕು. ಅವರು ಹೇಳುವ ಲೆಕ್ಕ ಯಾವುದೇ ಅಂದಾಜಿಗಿಂತ ನಿಖರವಾಗಿರುತ್ತದೆ.

ಇಷ್ಟೂ ನೀರು ಕುಡಿಯುವ ಗುಣಮಟ್ಟದ್ದೇ ಆಗಬೇಕಿಲ್ಲ. ಕುಡಿಯಲು ಮತ್ತು ಅಡುಗೆಗೆ ಬೇಕಾದ ಭಾಗವನ್ನು ಬೇರ್ಪಡಿಸಿ ನೋಡಿದರೆ ಶುದ್ಧೀಕರಿಸಬೇಕಾದ ಪ್ರಮಾಣ ಗಣನೀಯವಾಗಿ ಇಳಿಯುತ್ತದೆ. ಹಾಗೆ ಮಾಡುವಾಗ ಎರಡು ಬಗೆಯ ನಲ್ಲಿಗಳನ್ನು ಮಕ್ಕಳು ಕಣ್ಣಿಗೆ ಕಂಡೊಡನೆ ಗುರುತಿಸುವಂತೆ ಬೇರೆ ಜಾಗದಲ್ಲಿ, ಬೇರೆ ಬಣ್ಣದಲ್ಲಿ ಇಡುವುದು ಕಡ್ಡಾಯ. ಬಾಯಾರಿದ ಆರು ವರ್ಷದ ಮಗು ಫಲಕ ಓದುವುದಿಲ್ಲ.

ಮೂಲದ ಆಯ್ಕೆ

ಲಭ್ಯವಿರುವ ಮೂಲಗಳನ್ನೆಲ್ಲ ಪಟ್ಟಿ ಮಾಡಿ, ಪ್ರತಿಯೊಂದನ್ನೂ ಬೇಸಿಗೆಯ ಕೊನೆಯಲ್ಲಿ, ನೀರು ಅತಿ ಕಡಿಮೆ ಇರುವಾಗ ಒಮ್ಮೆಯಾದರೂ ಅಳೆಯದೆ ತೀರ್ಮಾನಕ್ಕೆ ಬರಬಾರದು. ಮಳೆಗಾಲದಲ್ಲಿ ಕೊರೆದು, ಮಳೆಗಾಲದಲ್ಲೇ ಉದ್ಘಾಟನೆಯಾದ ಕೊಳವೆಬಾವಿ ಮರುಬೇಸಿಗೆಯಲ್ಲಿ ಗಾಳಿ ಉಗುಳುವುದು ಅಪರೂಪವಲ್ಲ.

ಊರಿನ ಕೊಳಾಯಿ ಜಾಲ ಶಾಲೆಯ ಹತ್ತಿರದವರೆಗೆ ಬಂದಿದ್ದರೆ, ಅದಕ್ಕೆ ಸಂಪರ್ಕ ಪಡೆದು ಶಾಲೆಯಲ್ಲಿ ಸಂಗ್ರಹದ ಟ್ಯಾಂಕು ಕಟ್ಟುವುದೇ ಬಹುತೇಕ ಸಂದರ್ಭಗಳಲ್ಲಿ ಸರಿಯಾದ ದಾರಿ. ನಿರ್ವಹಣೆಯ ದೊಡ್ಡ ಭಾಗ ಇನ್ನೊಬ್ಬರ ಹೆಗಲ ಮೇಲಿರುತ್ತದೆ. ಜಾಲವಿಲ್ಲದ ಕಡೆ ಉಳಿಯುವ ಆಯ್ಕೆಗಳು ಕೊಳವೆಬಾವಿ, ಸಂರಕ್ಷಿತ ತೆರೆದ ಬಾವಿ, ಒರತೆ ಮತ್ತು ಮಳೆನೀರು.

ಕೊಳವೆಬಾವಿಗೆ ಕೈಪಂಪು ಹಾಕುವುದಾದರೆ ಸುತ್ತಲಿನ ಊರುಗಳಲ್ಲಿ ಈಗಾಗಲೇ ಯಾವ ಮಾದರಿ ಬಳಕೆಯಲ್ಲಿದೆಯೋ ಅದನ್ನೇ ಹಾಕಬೇಕು. ಭಾರತದಲ್ಲಿ ರೂಪುಗೊಂಡ ಇಂಡಿಯಾ ಮಾರ್ಕ್ 2, ಊರಿನವರೇ ಬಿಚ್ಚಿ ಜೋಡಿಸಲಾಗುವಂತೆ ವಿನ್ಯಾಸಗೊಂಡ ಆಫ್ರಿದೇವ್ ಎರಡೂ ಒಳ್ಳೆಯ ಪಂಪುಗಳೇ. ಆದರೆ ಬಿಡಿಭಾಗ ಸಿಗದ ಊರಿನಲ್ಲಿ ಯಾವ ಪಂಪಿನ ಗುಣವೂ ಲೆಕ್ಕಕ್ಕೆ ಬರುವುದಿಲ್ಲ. ಕೈಪಂಪಿನಿಂದ ನಿಮಿಷಕ್ಕೆ ಸುಮಾರು 17 ಲೀಟರ್ ನೀರು ಬರುತ್ತದೆ ಎಂದು ಯೋಜಕರು ಅಂದಾಜಿಸುತ್ತಾರೆ. ಮೇಲಿನ ಉದಾಹರಣೆಯ 1000 ಲೀಟರ್‌ಗೆ ಬಿಡದೆ ಒಂದು ಗಂಟೆ ಒತ್ತಬೇಕು ಎಂದಾಯಿತು. ಆ ಕೆಲಸ ಯಾರ ಪಾಲಿಗೆ ಬರುತ್ತದೆ ಎಂದು ಕೇಳಿದರೆ ಹೆಚ್ಚಿನ ಶಾಲೆಗಳಲ್ಲಿ ಉತ್ತರ ದೊಡ್ಡ ತರಗತಿಯ ಹುಡುಗಿಯರು ಎಂದಿರುತ್ತದೆ. ಸೂರ್ಯಶಕ್ತಿಯ ಪಂಪು ಈ ಭಾರವನ್ನು ಇಳಿಸುತ್ತದೆ. ಫಲಕಗಳ ಕಳ್ಳತನ ತಡೆಯುವ ಬೇಲಿ ಮತ್ತು ಕೆಟ್ಟಾಗ ನೋಡಬಲ್ಲ ತಂತ್ರಜ್ಞ ಇದ್ದರೆ ಮಾತ್ರ ಅದು ಸೂಕ್ತ.

ಶೌಚಗುಂಡಿಗೂ ನೀರಿನ ಮೂಲಕ್ಕೂ ಕನಿಷ್ಠ 30 ಮೀಟರ್ ಅಂತರವಿರಬೇಕು, ಗುಂಡಿಯ ತಳ ಅಂತರ್ಜಲದ ಮಟ್ಟಕ್ಕಿಂತ ಕನಿಷ್ಠ 1.5 ಮೀಟರ್ ಮೇಲಿರಬೇಕು ಎಂಬುದು ಸಾಮಾನ್ಯ ನಿಯಮ. ಬಿರುಕು ಬಿಟ್ಟ ಬಂಡೆಯ ನೆಲದಲ್ಲಿ ಕೊಳಕು ಬಹುದೂರ ಹರಿಯಬಲ್ಲದಾದ್ದರಿಂದ ಅಲ್ಲಿ ಈ ಅಂತರವೂ ಸಾಲದು. ಗುಂಡಿ ಯಾವಾಗಲೂ ಇಳಿಜಾರಿನ ಕೆಳಬದಿಯಲ್ಲಿರಲಿ.

ಮಳೆನೀರಿನ ಲೆಕ್ಕ ಸರಳ. ಒಂದು ಚದರ ಮೀಟರ್ ಚಾವಣಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನೂರು ಚದರ ಮೀಟರ್ ತಗಡಿನ ಚಾವಣಿ, ವರ್ಷಕ್ಕೆ 600 ಮಿಲಿಮೀಟರ್ ಮಳೆ, ಐದರಲ್ಲಿ ಒಂದು ಪಾಲು ಆವಿಯಾಗಿ ಮತ್ತು ಸಿಡಿದು ಹೋಗುತ್ತದೆ ಎಂದುಕೊಂಡರೆ 48,000 ಲೀಟರ್ ಕೈಗೆ ಸಿಗುತ್ತದೆ. ಕಷ್ಟವಿರುವುದು ಹಿಡಿಯುವುದರಲ್ಲಲ್ಲ, ಒಣ ತಿಂಗಳುಗಳವರೆಗೆ ಉಳಿಸಿಕೊಳ್ಳುವುದರಲ್ಲಿ. ಅದೇ 200 ಜನರಿಗೆ ಕುಡಿಯಲು ಮಾತ್ರ ತಲಾ ಒಂದೂವರೆ ಲೀಟರ್‌ನಂತೆ 75 ಶಾಲಾ ದಿನಗಳಿಗೆ 22,500 ಲೀಟರ್ ಸಂಗ್ರಹ ಬೇಕು. ಇದು ಚಿಕ್ಕ ಟ್ಯಾಂಕಲ್ಲ. ಆದರೂ ಅಂತರ್ಜಲದಲ್ಲಿ ವಿಷಾಂಶವಿರುವ ಪ್ರದೇಶಗಳಲ್ಲಿ ಈ ಟ್ಯಾಂಕಿಗೆ ಹಾಕಿದ ಹಣ ಶುದ್ಧೀಕರಣ ಯಂತ್ರಕ್ಕೆ ಹಾಕಿದ್ದಕ್ಕಿಂತ ಹೆಚ್ಚು ಕಾಲ ಬಾಳುತ್ತದೆ ಎಂಬುದು ನನ್ನ ಅಭಿಪ್ರಾಯ. ಪ್ರತಿ ಮಳೆಯ ಮೊದಲ ನೀರು ಚಾವಣಿಯ ದೂಳು, ಹಕ್ಕಿಯ ಹಿಕ್ಕೆ ತೊಳೆದುಕೊಂಡು ಬರುವುದರಿಂದ, ನೂರು ಚದರ ಮೀಟರಿಗೆ ಕನಿಷ್ಠ 100 ಲೀಟರ್‌ನಂತೆ ಅದು ಬೇರೆ ಕೊಳವೆಗೆ ಹೋಗಿ ಹರಿದುಹೋಗುವ ಏರ್ಪಾಡು ಇರಬೇಕು. ಸೀಸದ ಬಣ್ಣ ಬಳಿದ ಚಾವಣಿ ಮತ್ತು ಹುಲ್ಲಿನ ಚಾವಣಿಯ ನೀರು ಕುಡಿಯಲು ಬೇಡ. ಟ್ಯಾಂಕು ಬೆಳಕು ಹಾಯದಂತೆ, ಸೊಳ್ಳೆ ನುಸುಳದಂತೆ ಮುಚ್ಚಿರಲಿ.

ಪರೀಕ್ಷೆ

ಮೂಲ ಒಳ್ಳೆಯ ಬಗೆಯದು ಎಂಬುದೂ ನೀರು ಒಳ್ಳೆಯದು ಎಂಬುದೂ ಒಂದೇ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಜಂಟಿಯಾಗಿ ನಡೆಸುವ ಸಮೀಕ್ಷೆಯಲ್ಲಿ ಶಾಲೆಯೊಂದಕ್ಕೆ ಮೂಲಭೂತ ನೀರಿನ ಸೌಲಭ್ಯವಿದೆ ಎಂದು ಲೆಕ್ಕಕ್ಕೆ ಬರಬೇಕಾದರೆ ಸುಧಾರಿತ ಬಗೆಯ, ಅಂದರೆ ಹೊರಗಿನ ಕೊಳಕು ಸೇರದಂತೆ ಕಟ್ಟಿದ ಮೂಲವಿರಬೇಕು ಮತ್ತು ಸಮೀಕ್ಷೆಯ ಹೊತ್ತಿಗೆ ಅದರಲ್ಲಿ ನೀರಿರಬೇಕು. ನೀರಿನ ಗುಣಮಟ್ಟದ ಪರೀಕ್ಷೆ ಆ ವ್ಯಾಖ್ಯೆಯೊಳಗೆ ಇಲ್ಲ. ಅಂಕಿಅಂಶದಲ್ಲಿ ಸೌಲಭ್ಯವಿದ್ದ ಶಾಲೆಯಲ್ಲಿ ಮಕ್ಕಳು ಕೆಟ್ಟ ನೀರು ಕುಡಿಯುತ್ತಿರಬಹುದು.

ಬಾಂಗ್ಲಾದೇಶದ ಅನುಭವ ಇಲ್ಲಿ ನೆನಪಿರಬೇಕು. ಕೊಳದ ನೀರಿನಿಂದ ಹರಡುತ್ತಿದ್ದ ಅತಿಸಾರದಿಂದ ಮಕ್ಕಳನ್ನು ಉಳಿಸಲೆಂದು 1970ರ ದಶಕದಿಂದ ಅಲ್ಲಿ ದೊಡ್ಡ ಸಂಖ್ಯೆಯಲ್ಲಿ ಕೊಳವೆಬಾವಿಗಳನ್ನು ಹಾಕಲಾಯಿತು. ಆ ನೀರು ರೋಗಾಣುಗಳ ದೃಷ್ಟಿಯಿಂದ ನಿಜಕ್ಕೂ ಉತ್ತಮವಾಗಿತ್ತು. ಅದರಲ್ಲಿ ಆರ್ಸೆನಿಕ್ ಇದೆಯೆಂದು ತಿಳಿದದ್ದು 1993ರಲ್ಲಿ. ಆಮೇಲೆ ಬಾವಿಗಳನ್ನು ಒಂದೊಂದಾಗಿ ಪರೀಕ್ಷಿಸಿ, ಸುರಕ್ಷಿತವಾದವಕ್ಕೆ ಹಸಿರು, ಅಪಾಯಕಾರಿಯಾದವಕ್ಕೆ ಕೆಂಪು ಬಣ್ಣ ಬಳಿಯಬೇಕಾಯಿತು. ಆರ್ಸೆನಿಕ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ನೀರು ತಿಳಿಯಾಗಿದೆ, ಸಿಹಿಯಾಗಿದೆ ಎಂಬ ಹಿರಿಯರ ಮಾತು ಇಂಥ ಕಡೆ ಪ್ರಮಾಣವಾಗುವುದಿಲ್ಲ.

ಹೊಸ ಮೂಲವನ್ನು ಬಳಕೆಗೆ ಬಿಡುವ ಮೊದಲು ರಾಸಾಯನಿಕ ಪರೀಕ್ಷೆ ಒಮ್ಮೆ ಪೂರ್ಣವಾಗಿ ಆಗಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಂತೆ ಲೀಟರಿಗೆ ಆರ್ಸೆನಿಕ್ 0.01 ಮಿಲಿಗ್ರಾಂ, ಫ್ಲೋರೈಡ್ 1.5 ಮಿಲಿಗ್ರಾಂ, ನೈಟ್ರೇಟ್ 50 ಮಿಲಿಗ್ರಾಂ ಮೀರಬಾರದು. ತಮ್ಮ ದೇಶದ ಮಿತಿ ಇದಕ್ಕಿಂತ ಬಿಗಿಯಾಗಿದ್ದರೆ ಅದನ್ನೇ ಪಾಲಿಸಬೇಕು. ನೈಟ್ರೇಟ್ ಹೆಚ್ಚಿದ್ದರೆ ಗೊಬ್ಬರವೋ ಶೌಚದ ನೀರೋ ಮೂಲಕ್ಕೆ ಸೇರುತ್ತಿರುವ ಸಾಧ್ಯತೆಯಿದೆ. ಇವುಗಳ ಜೊತೆಗೆ ಕಬ್ಬಿಣ ಮತ್ತು ಉಪ್ಪಿನ ಅಂಶವನ್ನೂ ನೋಡಿಸಬೇಕು. ಕಬ್ಬಿಣದಿಂದ ಅಪಾಯ ಹೆಚ್ಚಿಲ್ಲವಾದರೂ ನೀರು ಕೆಂಪಾಗಿ ತುಕ್ಕಿನ ರುಚಿ ಬಂದರೆ ಮಕ್ಕಳು ಅದನ್ನು ಬಿಟ್ಟು ಹಳೆಯ ಕೆರೆಗೇ ಹೋಗುತ್ತಾರೆ.

ರೋಗಾಣುಗಳ ಪರೀಕ್ಷೆ ಮಾತ್ರ ಒಮ್ಮೆ ಮಾಡಿ ಮುಗಿಸುವಂಥದ್ದಲ್ಲ. ಮಲದ ಸೋಂಕಿನ ಸೂಚಕವಾದ ಇ. ಕೋಲಿ 100 ಮಿಲಿಲೀಟರ್ ನೀರಿನಲ್ಲಿ ಒಂದೂ ಇರಬಾರದು. ಮಾದರಿಯನ್ನು ಪ್ರಯೋಗಾಲಯ ಕೊಟ್ಟ ಕ್ರಿಮಿರಹಿತ ಸೀಸೆಯಲ್ಲೇ ಹಿಡಿದು, ತಂಪಿನ ಪೆಟ್ಟಿಗೆಯಲ್ಲಿಟ್ಟು ಸಾಧ್ಯವಾದರೆ ಆರು ಗಂಟೆಯೊಳಗೆ, ಹೇಗಿದ್ದರೂ ಒಂದು ದಿನದೊಳಗೆ ತಲುಪಿಸಬೇಕು. ಕ್ಲೋರಿನ್ ಹಾಕಿದ ನೀರಾದರೆ ಅದನ್ನು ಮೊದಲೇ ತಿಳಿಸಿ, ಅದಕ್ಕೆ ತಕ್ಕ ಸೀಸೆ ಕೇಳಿ ಪಡೆಯಬೇಕು. ಪ್ರಯೋಗಾಲಯ ದೂರವಿದ್ದಾಗ ಸೀಸೆಯಲ್ಲಿ ನೀರು ಕಪ್ಪಾದರೆ ಸೋಂಕು ಎಂದು ತೋರಿಸುವ ಹೈಡ್ರೋಜನ್ ಸಲ್ಫೈಡ್ ಪರೀಕ್ಷೆಯನ್ನು ಬಳಸಬಹುದು. ಅದು ಹೌದು ಅಥವಾ ಇಲ್ಲ ಎನ್ನುತ್ತದೆಯೇ ಹೊರತು ಎಷ್ಟು ಎಂದು ಹೇಳುವುದಿಲ್ಲ. ಮೂಲದಿಂದ ಒಂದು ಮಾದರಿ, ಮಕ್ಕಳು ಕುಡಿಯುವ ಲೋಟದಿಂದ ಇನ್ನೊಂದು ಮಾದರಿ ತೆಗೆಯುವುದು ಒಳ್ಳೆಯದು. ಎರಡರ ನಡುವಿನ ವ್ಯತ್ಯಾಸ ತೊಂದರೆ ಎಲ್ಲಿದೆಯೆಂದು ನೇರವಾಗಿ ತೋರಿಸುತ್ತದೆ.

ಪರೀಕ್ಷೆಯಷ್ಟೇ ಮುಖ್ಯವಾದದ್ದು ಕಣ್ಣಿನ ತಪಾಸಣೆ, ಅದಕ್ಕೆ ಖರ್ಚೂ ಇಲ್ಲ. ಪಂಪಿನ ಕಟ್ಟೆ ಬಿರುಕು ಬಿಟ್ಟಿದೆಯೇ, ಸುತ್ತ ನೀರು ನಿಂತಿದೆಯೇ, ದನಕರುಗಳು ಬರುತ್ತವೆಯೇ, ಮೇಲ್ಬದಿಯಲ್ಲಿ ಹೊಸದಾಗಿ ಯಾರಾದರೂ ಗುಂಡಿ ತೋಡಿದ್ದಾರೆಯೇ, ಟ್ಯಾಂಕಿನ ಮುಚ್ಚಳ ಸರಿಯಾಗಿ ಕೂರುತ್ತದೆಯೇ ಎಂಬುದನ್ನು ತಿಂಗಳಿಗೊಮ್ಮೆ ಅದೇ ಪಟ್ಟಿಯಂತೆ ನೋಡಿ ಬರೆದಿಡಬೇಕು.

ಶುದ್ಧೀಕರಣ: ತೊಂದರೆಗೆ ತಕ್ಕ ಮದ್ದು

ನೀರಿನಲ್ಲಿರುವುದು ರೋಗಾಣುಗಳೋ ಕರಗಿದ ರಾಸಾಯನಿಕವೋ ಎಂಬುದು ಇಲ್ಲಿ ಎಲ್ಲವನ್ನೂ ನಿರ್ಧರಿಸುತ್ತದೆ. ಕುದಿಸುವುದು, ಕ್ಲೋರಿನ್, ಅತಿನೇರಳೆ ದೀಪ, ಮಣ್ಣಿನ ಫಿಲ್ಟರ್ ಇವು ಯಾವುವೂ ಫ್ಲೋರೈಡನ್ನು ತೆಗೆಯುವುದಿಲ್ಲ. ಕುದಿಸಿದಾಗ ನೀರು ಆವಿಯಾಗುವುದರಿಂದ ಉಳಿದ ನೀರಿನಲ್ಲಿ ಅದರ ಸಾಂದ್ರತೆ ತುಸು ಏರಲೂಬಹುದು.

ಫ್ಲೋರೈಡ್ ತೆಗೆಯಲು ಪಟಿಕ (ಆಲಂ) ಮತ್ತು ಸುಣ್ಣ ಬಳಸುವ ನಲಗೊಂಡ ವಿಧಾನ, ಪೂರ್ವ ಆಫ್ರಿಕಾದಲ್ಲಿ ಬಳಕೆಯಲ್ಲಿರುವ ಮೂಳೆಯ ಇದ್ದಿಲಿನ ಫಿಲ್ಟರ್, ಫ್ಲೋರೈಡನ್ನು ಹೀರಿಕೊಳ್ಳುವ ಸಕ್ರಿಯ ಅಲ್ಯೂಮಿನಾ ಎಂಬ ಹರಳು ಮೊದಲಾದ ದಾರಿಗಳಿವೆ. ಎಲ್ಲಕ್ಕೂ ಬಿಡದ ಪರೀಕ್ಷೆ ಬೇಕು, ಏಕೆಂದರೆ ಫ್ಲೋರೈಡ್ ಹೀರುವ ವಸ್ತುವಿನ ಶಕ್ತಿ ತೀರಿದ ದಿನ ನೀರು ನೋಡಲು ಹಿಂದಿನ ದಿನದಂತೆಯೇ ಇರುತ್ತದೆ. ಹೊರಬಂದ ಕೆಸರನ್ನು ಎಲ್ಲಿ ಹಾಕಬೇಕು ಎಂಬ ಪ್ರಶ್ನೆ ಬೇರೆ. ನೀರನ್ನು ಒತ್ತಡದಿಂದ ಸೂಕ್ಷ್ಮ ಪೊರೆಯ ಮೂಲಕ ಹಾಯಿಸುವ ಆರ್‌ಒ ಯಂತ್ರ ಕರಗಿದ ರಾಸಾಯನಿಕಗಳನ್ನು ಬಹುಮಟ್ಟಿಗೆ ತೆಗೆಯುತ್ತದೆ ನಿಜ, ಆದರೆ ಅದಕ್ಕೆ ಸ್ಥಿರವಾದ ವಿದ್ಯುತ್ತು, ಕಾಲಕಾಲಕ್ಕೆ ಹೊಸ ಪೊರೆ ಬೇಕು, ಒಳಗೆ ಹೋದ ನೀರಿನ ದೊಡ್ಡ ಪಾಲನ್ನು ಅದು ಉಪ್ಪಿನ ನೀರಾಗಿ ಹೊರಹಾಕುತ್ತದೆ. ನೀರಿನ ಅಭಾವವಿರುವ ಶಾಲೆಗೆ, ಬರೇ ಸೂಕ್ಷ್ಮಜೀವಿಗಳ ತೊಂದರೆಗಾಗಿ ಆರ್‌ಒ ತಂದಿಡುವುದು ದಾನಿಗಳಿಗೆ ಪ್ರಿಯವಾದ, ಆದರೆ ನ್ಯಾಯವಲ್ಲದ ಖರ್ಚು. ವಿಷಾಂಶ ಕಂಡಲ್ಲಿ ಮೊದಲು ಬೇರೆ ಮೂಲ ಹುಡುಕಿ, ಅದು ಸಿಗದಾಗ ಕುಡಿಯಲು ಮಾತ್ರ ಮಳೆನೀರು ಯೋಚಿಸಿ, ಯಂತ್ರವನ್ನು ಕೊನೆಗಿಡುವುದು ವಿವೇಕ.

ರೋಗಾಣುಗಳ ವಿಷಯಕ್ಕೆ ಬಂದರೆ, ನೂರಾರು ಮಕ್ಕಳಿರುವ ಶಾಲೆಗೆ ಕ್ಲೋರಿನ್‌ನಷ್ಟು ಅಗ್ಗವಾದ, ನೀರಿನಲ್ಲಿ ಉಳಿದುಕೊಂಡು ಮುಂದೆಯೂ ಕಾಯುವ ಉಪಾಯ ಇನ್ನೊಂದಿಲ್ಲ. ಮನೆಬಳಕೆಗೆ ಹೊಂದುವ ಜೈವಿಕ ಮರಳು ಫಿಲ್ಟರ್ ಶಾಲೆಗೆ ತೊಡಕಿನದು. ಅದರ ಮೇಲ್ಪದರದ ಜೀವಿಗಳು ಬೆಳೆಯಲು ಕೆಲವು ವಾರಗಳೇ ಬೇಕು, ದಿನವೂ ನೀರು ಹಾಕುತ್ತಿರಬೇಕು. ದೀರ್ಘ ರಜೆ ಬಂದರೆ ಆ ಪದರ ಸಾಯುತ್ತದೆ, ಶಾಲೆ ತೆರೆದ ದಿನ ಫಿಲ್ಟರ್ ಹೆಸರಿಗಷ್ಟೇ ಇರುತ್ತದೆ. ಮಣ್ಣಿನ ಮಡಕೆಯ ಫಿಲ್ಟರ್ ಗಂಟೆಗೆ ಒಂದರಿಂದ ಮೂರು ಲೀಟರ್ ಮಾತ್ರ ಇಳಿಸುತ್ತದಾದ್ದರಿಂದ ಸಣ್ಣ ಶಾಲೆಗೆ, ತರಗತಿಗೆ ಒಂದರಂತೆ ಇಡಬಹುದು. ಪಾರದರ್ಶಕ ಪ್ಲಾಸ್ಟಿಕ್ ಸೀಸೆಗಳನ್ನು ಆರು ಗಂಟೆ, ಮೋಡವಿದ್ದರೆ ಎರಡು ದಿನ ಬಿಸಿಲಿಗಿಡುವ ವಿಧಾನ ತುರ್ತಿಗೆ ಸರಿ. ಅತಿನೇರಳೆ ದೀಪಕ್ಕೆ ತಿಳಿನೀರೂ ವಿದ್ಯುತ್ತೂ ಬೇಕು, ಮೇಲಾಗಿ ದೀಪ ದಾಟಿದ ನೀರಿಗೆ ಮುಂದೆ ಯಾವ ರಕ್ಷಣೆಯೂ ಇರುವುದಿಲ್ಲ.

ಕ್ಲೋರಿನ್ ಹಾಕುವ ವಿಧಾನವನ್ನು ಸ್ವಲ್ಪ ವಿವರವಾಗಿ ನೋಡೋಣ. ನೀರು ಕಲಕಾಗಿದ್ದರೆ ಕ್ಲೋರಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಕೊಳೆಯೇ ಅದನ್ನು ಹೀರಿಕೊಳ್ಳುತ್ತದೆ, ರೋಗಾಣುಗಳು ಮಣ್ಣಿನ ಕಣಗಳ ಮರೆಯಲ್ಲಿ ಉಳಿಯುತ್ತವೆ. ಕಲಕು 5 ಎನ್‌ಟಿಯು (ನೀರಿನ ಕಲಕನ್ನು ಅಳೆಯುವ ಮಾನ) ಒಳಗೆ, ಸಾಧ್ಯವಾದರೆ 1ರ ಒಳಗೆ ಬರುವವರೆಗೆ ನೀರನ್ನು ತಿಳಿಗೊಳಿಸಿ ಸೋಸಬೇಕು. ಅನಂತರ ಎಷ್ಟು ಕ್ಲೋರಿನ್ ಬೇಕೆಂದು ಆಯಾ ನೀರಿನಲ್ಲೇ ಪರೀಕ್ಷಿಸಿ ತಿಳಿಯಬೇಕು. ಒಂದೇ ಅಳತೆಯ ನಾಲ್ಕೈದು ಬಕೆಟ್ ನೀರಿಗೆ ಲೀಟರಿಗೆ 1, 1.5, 2, 3 ಮಿಲಿಗ್ರಾಂ ಹೀಗೆ ಏರುವ ಪ್ರಮಾಣದಲ್ಲಿ ಕ್ಲೋರಿನ್ ಬೆರೆಸಿ, ಅರ್ಧ ಗಂಟೆ ಬಿಟ್ಟು, ಉಳಿಕೆ ಕ್ಲೋರಿನ್ ಅಳೆಯುವ ಗುಳಿಗೆಯ ಕಿಟ್‌ನಿಂದ ನೋಡಿದಾಗ ಯಾವ ಬಕೆಟ್ಟಿನಲ್ಲಿ 0.5 ಮಿಲಿಗ್ರಾಂ ಸುಮಾರಿಗೆ ಉಳಿದಿದೆಯೋ ಅದೇ ಆ ನೀರಿನ ಪ್ರಮಾಣ. ಮಳೆಗಾಲಕ್ಕೂ ಬೇಸಿಗೆಗೂ ಈ ಪ್ರಮಾಣ ಬದಲಾಗುವುದರಿಂದ ಋತು ತಿರುಗಿದಾಗ ಪರೀಕ್ಷೆಯನ್ನು ಮತ್ತೆ ಮಾಡಬೇಕು.

ಪರೀಕ್ಷೆಯಲ್ಲಿ ಲೀಟರಿಗೆ 2 ಮಿಲಿಗ್ರಾಂ ಬೇಕೆಂದು ತಿಳಿಯಿತು ಎಂದುಕೊಳ್ಳಿ. ಸಾವಿರ ಲೀಟರಿನ ಟ್ಯಾಂಕಿಗೆ 2 ಗ್ರಾಂ ಕ್ಲೋರಿನ್ ಬೇಕು. ಬ್ಲೀಚಿಂಗ್ ಪುಡಿಯಲ್ಲಿ ಕ್ಲೋರಿನ್ ಶೇ. 25ರಷ್ಟಿದ್ದರೆ 8 ಗ್ರಾಂ ಪುಡಿ, ಶೇ. 65ರಷ್ಟು ಕ್ಲೋರಿನ್ ಇರುವ ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಆದರೆ 3 ಗ್ರಾಂ. ಪುಡಿಯನ್ನು ನೇರವಾಗಿ ಟ್ಯಾಂಕಿಗೆ ಸುರಿಯಬಾರದು. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ನೀರಿಗೆ ಪುಡಿ ಹಾಕಿ ಕಲಸಿ, ಸುಣ್ಣ ತಳಕ್ಕೆ ಇಳಿಯಲು ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ಟ್ಯಾಂಕಿಗೆ ಸೇರಿಸಿ, ಚೆನ್ನಾಗಿ ಬೆರೆಸಿ, ಕನಿಷ್ಠ ಅರ್ಧ ಗಂಟೆ ನಲ್ಲಿಗೆ ಬೀಗ ಹಾಕಿಡಬೇಕು. ಬೆಳಗ್ಗೆ ಮಕ್ಕಳು ಬರುವ ಮೊದಲೇ, ಅಥವಾ ಹಿಂದಿನ ಸಂಜೆಯೇ ಈ ಕೆಲಸ ಮುಗಿದಿರಬೇಕು. ಮಕ್ಕಳು ಕುಡಿಯುವ ನಲ್ಲಿಯಲ್ಲಿ ಲೀಟರಿಗೆ 0.2ರಿಂದ 0.5 ಮಿಲಿಗ್ರಾಂ ಕ್ಲೋರಿನ್ ಉಳಿದಿದ್ದರೆ ಕೆಲಸ ಸರಿಯಾಗಿದೆ.

ಪುಡಿ ಬಿಸಿಲು, ಸೆಕೆ, ತೇವಗಳಿಗೆ ಶಕ್ತಿ ಕಳೆದುಕೊಳ್ಳುತ್ತದೆ. ವರ್ಷಕ್ಕಾಗುವಷ್ಟನ್ನು ಒಮ್ಮೆಲೇ ಕೊಂಡು ತಗಡಿನ ಕೋಣೆಯಲ್ಲಿಟ್ಟರೆ ಕೊನೆಯ ತಿಂಗಳುಗಳಲ್ಲಿ ನೀರಿಗೆ ಬೀಳುವುದು ಹೆಚ್ಚೂಕಡಿಮೆ ಸುಣ್ಣ ಮಾತ್ರ. ಅದನ್ನು ಗಾಳಿಯಾಡುವ, ತಂಪಾದ, ಕತ್ತಲ ಜಾಗದಲ್ಲಿ ಮುಚ್ಚಿದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಮಕ್ಕಳ ಕೈಗೆ ಎಟುಕದಂತೆ ಇಡಬೇಕು. ಶೌಚಾಲಯ ತೊಳೆಯುವ ಆಮ್ಲದ ಪಕ್ಕದಲ್ಲಿ ಮಾತ್ರ ಎಂದಿಗೂ ಇಡಬಾರದು, ಎರಡೂ ಬೆರೆತರೆ ವಿಷಾನಿಲ ಹೊಮ್ಮುತ್ತದೆ. ಉಳಿಕೆ ಕ್ಲೋರಿನ್ ಅಳೆದು ಫಲಕದಲ್ಲಿ ಬರೆಯುವ ಕೆಲಸವನ್ನು ದೊಡ್ಡ ಮಕ್ಕಳಿಗೆ ಸಂತೋಷವಾಗಿ ಕೊಡಬಹುದು, ಪುಡಿಯನ್ನು ಮುಟ್ಟುವ ಕೆಲಸ ದೊಡ್ಡವರದ್ದೇ. ಕ್ರಿಪ್ಟೋಸ್ಪೊರಿಡಿಯಂ ಎಂಬ ಪರಾವಲಂಬಿಗೆ ಕ್ಲೋರಿನ್ ನಾಟುವುದಿಲ್ಲವಾದ್ದರಿಂದ, ನದಿ ಅಥವಾ ಕೆರೆಯ ನೀರು ಬಳಸುವಲ್ಲಿ ಕ್ಲೋರಿನ್‌ಗೆ ಮೊದಲು ಒಳ್ಳೆಯ ಸೋಸುವಿಕೆ ಇರಲೇಬೇಕು.

ವಾಸನೆ ಸಹಿಸದೆ ಮಕ್ಕಳು ನೀರು ಕುಡಿಯುವುದನ್ನೇ ಬಿಟ್ಟರೆ ಎಲ್ಲ ಶ್ರಮವೂ ವ್ಯರ್ಥ. ಪ್ರಾರಂಭದ ವಾರಗಳಲ್ಲಿ ಉಳಿಕೆಯನ್ನು 0.2ರ ಹತ್ತಿರ ಇಟ್ಟು, ಅಭ್ಯಾಸವಾದಂತೆ ಏರಿಸಬಹುದು. ಹಿಂದಿನ ಸಂಜೆಯೇ ಕ್ಲೋರಿನ್ ಹಾಕಿದರೆ ವಾಸನೆ ಬೆಳಗಿನ ಹೊತ್ತಿಗೆ ಒಂದಿಷ್ಟು ಇಳಿದಿರುತ್ತದೆ.

ಟ್ಯಾಂಕಿನಿಂದ ಲೋಟದವರೆಗೆ

ಶುದ್ಧವಾದ ನೀರು ಮತ್ತೆ ಕೆಡುವುದು ಹೆಚ್ಚಾಗಿ ಈ ಕೊನೆಯ ಕೆಲವು ಮೀಟರುಗಳಲ್ಲಿ. ತರಗತಿಯಲ್ಲಿ ಇಡುವ ಪಾತ್ರೆಗೆ ಬಿಗಿಯಾದ ಮುಚ್ಚಳವೂ ಕೆಳಗೆ ನಲ್ಲಿಯೂ ಇರಬೇಕು, ಕೈಯಾಗಲಿ ಲೋಟವಾಗಲಿ ಒಳಗೆ ಅದ್ದುವ ಅವಕಾಶವೇ ಇರಬಾರದು. ಎಲ್ಲರಿಗೂ ಒಂದೇ ಲೋಟವಿಡುವುದಕ್ಕಿಂತ ಮಗುವಿಗೊಂದು ಸೀಸೆ ಅಥವಾ ಲೋಟ ಲೇಸು. ನಲ್ಲಿ, ಕೊಳವೆಯ ಜೋಡಣೆ ಕೊಳ್ಳುವಾಗ ಸೀಸರಹಿತವೆಂದು ಖಾತ್ರಿಯಿರುವುದನ್ನೇ ಕೊಳ್ಳಬೇಕು. ಕೆಲವು ಅಗ್ಗದ ಹಿತ್ತಾಳೆಯ ಭಾಗಗಳಿಂದ ಸೀಸ ನೀರಿಗಿಳಿಯುತ್ತದೆ.

ನಲ್ಲಿಗಳ ಸಂಖ್ಯೆಯನ್ನು ಬಿಡುವಿನ ವೇಳೆಯಿಂದ ಲೆಕ್ಕ ಹಾಕಿ. ಹದಿನೈದು ನಿಮಿಷದ ಬಿಡುವು, ಒಂದು ಮಗುವಿಗೆ ಅರ್ಧ ನಿಮಿಷ ಎಂದರೆ ಒಂದು ನಲ್ಲಿಯಲ್ಲಿ 30 ಮಕ್ಕಳು ಕುಡಿಯಬಹುದು. 200 ಮಕ್ಕಳಿಗೆ ಏಳು ನಲ್ಲಿಗಳು ಬೇಕು. ಎರಡೇ ನಲ್ಲಿಗಳಿರುವ ಕಡೆ ದೊಡ್ಡ ಹುಡುಗರು ಕುಡಿಯುತ್ತಾರೆ, ಚಿಕ್ಕವರು ಮರಳಿ ತರಗತಿಗೆ ಹೋಗುತ್ತಾರೆ. ಕೆಲವು ನಲ್ಲಿಗಳು ಅತಿ ಚಿಕ್ಕ ಮಕ್ಕಳ ಎತ್ತರಕ್ಕಿರಲಿ, ಒಂದಾದರೂ ಗಾಲಿಕುರ್ಚಿ ತಲುಪುವಂತೆ ಇಳಿಜಾರಿನ ದಾರಿಯ ಕೊನೆಯಲ್ಲಿರಲಿ. ಚೆಲ್ಲಿದ ನೀರು ಇಂಗುಗುಂಡಿಗೋ ಕೈತೋಟಕ್ಕೋ ಹರಿದುಹೋಗಬೇಕು.

ಕೈ ತೊಳೆಯುವ ಜಾಗ ಶೌಚಾಲಯದ ಬಾಗಿಲಲ್ಲಿಯೂ ಊಟದ ಜಾಗದಲ್ಲಿಯೂ ಸಾಬೂನಿನೊಂದಿಗೆ ಇರಬೇಕು. ಕೀನ್ಯಾದ ನ್ಯಾಂಜಾ ಪ್ರಾಂತ್ಯದ ಶಾಲೆಗಳಲ್ಲಿ ನೀರಿನ ಶುದ್ಧೀಕರಣ ಮತ್ತು ಕೈತೊಳೆತ ಎರಡನ್ನೂ ಒಟ್ಟಿಗೆ ತಂದು ನಡೆಸಿದ ಅಧ್ಯಯನದಲ್ಲಿ ಹುಡುಗಿಯರ ಗೈರುಹಾಜರಿ ಇಳಿದದ್ದು ಕಂಡುಬಂದಿತು, ಹುಡುಗರಲ್ಲಿ ಅಂಥ ಬದಲಾವಣೆ ಕಾಣಲಿಲ್ಲ.

ಹಣ ಮತ್ತು ಹೊಣೆ

ಯೋಜನೆಯ ಅಂದಾಜುಪಟ್ಟಿಯಲ್ಲಿ ನಿರ್ಮಾಣದ ಖರ್ಚು ಮಾತ್ರವಿದ್ದರೆ ಅದಕ್ಕೆ ಸಹಿ ಹಾಕಬೇಡಿ. ಪ್ರತಿಯೊಂದು ಭಾಗದ ಬೆಲೆಯನ್ನು ಅದರ ಬಾಳಿಕೆಯ ವರ್ಷಗಳಿಂದ ಭಾಗಿಸಿ, ಅಷ್ಟನ್ನು ಪ್ರತಿ ವರ್ಷ ತೆಗೆದಿಡಬೇಕು. ಐದು ವರ್ಷ ಬಾಳುವ ಪಂಪಿಗೆ ವರ್ಷಕ್ಕೆ ಅದರ ಬೆಲೆಯ ಐದನೆಯ ಒಂದು ಪಾಲು. ಅದಕ್ಕೆ ಕ್ಲೋರಿನ್, ಪರೀಕ್ಷೆಯ ಕಿಟ್, ವಾಷರ್‌ಗಳು, ಸಾಬೂನು, ತಂತ್ರಜ್ಞನ ಕೂಲಿ, ಪ್ರಯೋಗಾಲಯದ ಶುಲ್ಕ ಸೇರಿದರೆ ವಾರ್ಷಿಕ ನಿರ್ವಹಣೆಯ ಮೊತ್ತ ಸಿಗುತ್ತದೆ. ಈ ಮೊತ್ತವನ್ನು ಸರ್ಕಾರದ ಅನುದಾನ, ಪೋಷಕರ ವಂತಿಗೆ, ದಾನಿಯ ಬದ್ಧತೆ ಇವುಗಳಲ್ಲಿ ಯಾವುದು ಎಷ್ಟು ಭರಿಸುತ್ತದೆ ಎಂದು ಬರವಣಿಗೆಯಲ್ಲಿ ತೀರ್ಮಾನವಾಗದಿದ್ದರೆ ವ್ಯವಸ್ಥೆಯನ್ನು ಚಿಕ್ಕದಾಗಿಸಿ, ಭರಿಸಬಲ್ಲಷ್ಟಕ್ಕೆ ಇಳಿಸುವುದೇ ಸರಿ. ಎರಡು ವರ್ಷ ಓಡಿ ನಿಲ್ಲುವ ದೊಡ್ಡ ಘಟಕಕ್ಕಿಂತ ಹತ್ತು ವರ್ಷ ನಡೆಯುವ ಕೈಪಂಪು ಮತ್ತು ಒಂದು ಕ್ಲೋರಿನ್ ಬಕೆಟ್ ಎಷ್ಟೋ ಮೇಲು.

ಹೊಣೆ ಒಬ್ಬರ ಹೆಸರಿನಲ್ಲಿರಬೇಕು, ಅವರು ಇಲ್ಲದ ದಿನಕ್ಕೆ ಇನ್ನೊಬ್ಬರ ಹೆಸರೂ ಇರಬೇಕು. ಶಿಕ್ಷಕರ ವರ್ಗಾವಣೆ ಆಗುತ್ತಲೇ ಇರುವುದರಿಂದ ಊರಿನಲ್ಲೇ ನೆಲೆಸಿರುವವರು, ವಿಶೇಷವಾಗಿ ಅಡುಗೆಯವರು ಮತ್ತು ತಾಯಂದಿರು ಸಮಿತಿಯಲ್ಲಿರುವುದು ಅಗತ್ಯ. ಬ್ಯಾಂಕ್ ಖಾತೆಗೆ ಇಬ್ಬರ ಸಹಿ, ಖರ್ಚಿನ ಲೆಕ್ಕ ಗೋಡೆಯ ಮೇಲೆ. ನಿರ್ಮಾಣದ ಗುತ್ತಿಗೆದಾರರು ಕೆಲಸ ಒಪ್ಪಿಸುವ ದಿನ ಊರಿನ ಇಬ್ಬರಿಂದಲೇ ಪಂಪನ್ನು ಬಿಚ್ಚಿಸಿ ಜೋಡಿಸಿ ತೋರಿಸಬೇಕು, ಒಂದು ವರ್ಷದ ಬಿಡಿಭಾಗಗಳನ್ನೂ ಉಪಕರಣದ ಪೆಟ್ಟಿಗೆಯನ್ನೂ ಕೊಟ್ಟು ಹೋಗಬೇಕು ಎಂಬ ಷರತ್ತು ಒಪ್ಪಂದದಲ್ಲೇ ಇರಲಿ.

ಶಾಲೆಯ ಬಾವಿಯೇ ಊರಿಗೆಲ್ಲ ಒಳ್ಳೆಯ ನೀರಿನ ಏಕೈಕ ಮೂಲವಾದರೆ ಗೇಟಿಗೆ ಬೀಗ ಹಾಕಿ ಉಳಿಸಿಕೊಳ್ಳಲು ಆಗುವುದಿಲ್ಲ; ಬೀಗ ಮುರಿಯುತ್ತದೆ, ಅಥವಾ ಊರಿನ ಒಲವು ಮುರಿಯುತ್ತದೆ. ಆರಂಭದಲ್ಲೇ ಗೋಡೆಯ ಹೊರಗೊಂದು ನಲ್ಲಿ ಕೊಟ್ಟು, ಶಾಲೆಯ ಟ್ಯಾಂಕು ತುಂಬಿದ ನಂತರದ ವೇಳೆಯನ್ನು ಊರಿಗೆ ಗೊತ್ತುಮಾಡಿ, ಅದರ ಬಳಕೆದಾರರಿಂದ ನಿರ್ವಹಣೆಗೆ ಪಾಲು ಪಡೆಯುವುದು ಉತ್ತಮ.

ನೀರು ಹರಿಯತೊಡಗಿದ ಮೇಲೆ

ದಿನವೂ ಉಳಿಕೆ ಕ್ಲೋರಿನ್, ವಾರಕ್ಕೊಮ್ಮೆ ತರಗತಿಯ ಪಾತ್ರೆಗಳ ತೊಳೆತ, ತಿಂಗಳಿಗೊಮ್ಮೆ ಕಣ್ಣಿನ ತಪಾಸಣೆ, ಮಳೆಗಾಲದ ಆರಂಭದಲ್ಲಿ ಮತ್ತು ಬೇಸಿಗೆಯ ಕೊನೆಯಲ್ಲಿ ಇ. ಕೋಲಿ ಪರೀಕ್ಷೆ ಎಂಬ ಕ್ರಮವನ್ನು ಒಂದು ದಪ್ಪ ಪುಸ್ತಕದಲ್ಲಿ ದಿನಾಂಕ ಮತ್ತು ಸಹಿಯೊಂದಿಗೆ ಬರೆದಿಡಬೇಕು. ಪಂಪು ಬಿಚ್ಚಿ ರಿಪೇರಿ ಮಾಡಿದಾಗ, ಪ್ರವಾಹದ ನೀರು ನುಗ್ಗಿದಾಗ ಬಾವಿಯನ್ನೂ ಕೊಳವೆಗಳನ್ನೂ ಲೀಟರಿಗೆ 50 ಮಿಲಿಗ್ರಾಂ ಕ್ಲೋರಿನ್‌ನಿಂದ, ಅಂದರೆ ಸಾವಿರ ಲೀಟರ್ ನೀರಿಗೆ ಶೇ. 25ರ ಬ್ಲೀಚಿಂಗ್ ಪುಡಿ 200 ಗ್ರಾಂನಂತೆ ತುಂಬಿ, ಕನಿಷ್ಠ 12 ಗಂಟೆ ಬಿಟ್ಟು, ವಾಸನೆ ಹೋಗುವವರೆಗೆ ಹೊರಹಾಕಬೇಕು. ಆ ನೀರನ್ನು ಯಾರೂ ಕುಡಿಯದಂತೆ ಕಾವಲಿರಬೇಕು, ಕೆರೆ ಅಥವಾ ಮೀನಿನ ಹೊಂಡಕ್ಕೆ ಅದನ್ನು ಬಿಡಬಾರದು. ದೀರ್ಘ ರಜೆಯ ನಂತರ ಶಾಲೆ ತೆರೆಯುವ ವಾರಕ್ಕೆ ಮೊದಲೇ ಕೊಳವೆಯಲ್ಲಿ ನಿಂತ ನೀರನ್ನೆಲ್ಲ ಹರಿಯಬಿಟ್ಟು, ಟ್ಯಾಂಕು ತೊಳೆದು, ಹೊಸ ನೀರಿಗೆ ಕ್ಲೋರಿನ್ ಹಾಕಿ ಅಳೆಯುವ ಕೆಲಸ ಮುಗಿದಿರಬೇಕು.

ಪರೀಕ್ಷೆಯ ಫಲಿತಾಂಶ ಕೆಟ್ಟದ್ದಾಗಿ ಬರುವ ದಿನವೊಂದು ಬಂದೇ ಬರುತ್ತದೆ. ಅಂದು ಏನು ಮಾಡಬೇಕೆಂಬುದನ್ನು ಮೊದಲೇ ಬರೆದಿಟ್ಟಿರಬೇಕು: ನಲ್ಲಿಯನ್ನು ಮುಚ್ಚಿಸುವ ಅಧಿಕಾರ ಯಾರಿಗಿದೆ, ಮಕ್ಕಳಿಗೆ ಅಂದಿನ ಮಟ್ಟಿಗೆ ಕುದಿಸಿದ ಅಥವಾ ಹೊರಗಿನಿಂದ ತಂದ ನೀರು ಎಲ್ಲಿಂದ, ಪೋಷಕರಿಗೆ ತಿಳಿಸುವವರು ಯಾರು, ಆರೋಗ್ಯ ಕೇಂದ್ರಕ್ಕೆ ಸುದ್ದಿ ಮುಟ್ಟಿಸುವವರು ಯಾರು. ಸೋಂಕು ಕಂಡಿದ್ದರೆ ಕಾರಣ ಹುಡುಕಿ, ಸರಿಪಡಿಸಿ, ಕ್ಲೋರಿನ್ ಹಾಕಿ, ಮರುಪರೀಕ್ಷೆಯಲ್ಲಿ ಇ. ಕೋಲಿ ಶೂನ್ಯ ಬಂದ ಮೇಲೆ ನಲ್ಲಿ ತೆರೆಯಬೇಕು. ಆರ್ಸೆನಿಕ್ ಅಥವಾ ಫ್ಲೋರೈಡ್ ಮಿತಿ ಮೀರಿದ್ದರೆ ಕುದಿಸಿದ ನೀರನ್ನು ಬದಲಿಯಾಗಿ ಕೊಡಬಾರದು. ಆ ನಲ್ಲಿಯನ್ನು ತೊಳೆಯುವ ಕೆಲಸಕ್ಕೆ ಮೀಸಲಿಟ್ಟು, ಬಣ್ಣ ಬದಲಿಸಿ, ಕುಡಿಯುವ ನೀರನ್ನು ಬೇರೆ ಮೂಲದಿಂದ ತರಿಸುವ ಏರ್ಪಾಡನ್ನು ಅಂದೇ ಮಾಡಬೇಕು.